ಹದಿನಾಲ್ಕಕ್ಕಿಂತ ದೊಡ್ಡ ಒಂಬತ್ತು

ಒಂದಾದ ಮೇಲೆ ಹತ್ತು, ಹತ್ತಾದ ಮೇಲೆ ಹನ್ನೊಂದು, ಹನ್ನೆರಡು, ಅದಾದ ಮೇಲೆ ಎರಡು — ಇದೆಂಥ ಕ್ರಮ, ಮುದ್ರಣಾಲಯದ ಈ ಗಣಕದ ಪರದೆಯ ಮೇಲೆ ಮದುವೆಯ ಕರೆಯೋಲೆಗಳ ಕಡತಗಳು ನಿಂತಿರುವ ಬಗೆ, ಹನ್ನೆರಡರ ಹಿಂದೆ ಎರಡು ಕೈಕಟ್ಟಿ ನಿಂತಿದೆ, ಇರಲಿ, ನನಗೇಕೆ ಆ ಚಿಂತೆ, ಪರದೆಯಲ್ಲಿ ನಾನು ತೆರೆದ ಕಿಟಕಿಯಲ್ಲಿ ಮತ್ತೆ ಅದೇ ಕೆಂಪಕ್ಷರ, ಸೂರ್ಯ ಎಂಬ ಹೆಸರಿಗೆ ಒಂದಕ್ಕಿಂತ ಹೆಚ್ಚು ವ್ಯಾಖ್ಯೆಗಳಿವೆ, ಕಟ್ಟಲಾರೆ — ಅಯ್ಯಾ, ನನ್ನ ಪಂಚಾಂಗದ ಗಣಿತದ ತಿಥಿಯ ಅಧ್ಯಾಯದಲ್ಲಿ ಸೂರ್ಯನನ್ನು ಹೆಸರಿಸಿದೆ, ನಕ್ಷತ್ರದಲ್ಲಿ ಹೆಸರಿಸಿದೆ, ಯೋಗದಲ್ಲಿಯೂ ಕರಣದಲ್ಲಿಯೂ ಹೆಸರಿಸಿದೆ, ಪ್ರತಿ ಅರ್ಘ್ಯಕ್ಕೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲವೇ, ಅಷ್ಟರಿಂದಲೇ ಸೂರ್ಯರು ನಾಲ್ವರಾದರೇ. ನಾನು ಬರೆದ ಗಣಿತವನ್ನು ಯಂತ್ರದ ಭಾಷೆಗೆ ತಿರುಗಿಸಿಕೊಡುವ ಕಂಪೈಲರ್, ಮನೆಯ ಹಳೆಯ ಗಣಕದಲ್ಲಿದ್ದದ್ದು, ಒಂಬತ್ತನೆಯ ಆವೃತ್ತಿ, ಸೂರ್ಯ ಒಬ್ಬನೇ ಎಂದು ಕೇಳದೆಯೇ ಬಲ್ಲದು, ಆ ಗಣಕವೋ ಮೊನ್ನೆ ಕೃಷ್ಣಮೂರ್ತಿಪುರದ ಮನೆಯಲ್ಲಿ ಹೊಗೆಯಾಡಿ ಆರಿಹೋಯಿತು, ಇಲ್ಲಿ, ಮಂಡಿ ಮೊಹಲ್ಲಾದ ಮುದ್ರಣಾಲಯದಲ್ಲಿ, ಇರುವುದು ಹದಿನಾಲ್ಕನೆಯದು, ನಾಲ್ಕು ಸೂರ್ಯರನ್ನು ಕಂಡು ಬಾಗಿಲು ಹಾಕಿಕೊಳ್ಳುತ್ತದೆ. ಏನ್ ಶಾಸ್ತ್ರಿಗಳೇ, ಆಯ್ತಾ, ಮಧ್ಯಾಹ್ನದೊಳಗೆ ಪುಟ ಬರ್ಲಿಲ್ಲ ಅಂದ್ರೆ ಮಿಷನ್‌ಗೆ ಮದ್ವೆ ಕಾರ್ಡ್ ಏರಿಸ್ಬುಡ್ತೀನಿ, ಆ ಮುಹೂರ್ತ ಇಟ್ಕೊಟ್ಟವ್ರೂ ನೀವೇ ಕಣ್ರೀ, ಆಮೇಲೆ ನನ್ನ ಬೈಬೇಡಿ — ಬಾಗಿಲಲ್ಲಿ ಯಜಮಾನ ಸಿದ್ದಲಿಂಗಸ್ವಾಮಿ, ನಗುತ್ತಾರೆ, ನಕ್ಕರೂ ಮಾತು ಮಾತೇ, ಆ ಕರೆಯೋಲೆಗಳು ಒಮ್ಮೆ ಏರಿದರೆ ಯುಗಾದಿಯವರೆಗೆ ಯಂತ್ರಕ್ಕೆ ಬಿಡುವಿಲ್ಲ, ಯುಗಾದಿ ಕಳೆದ ಮೇಲೆ ಬರುವ ಪಂಚಾಂಗವನ್ನು ಯಾವ ದೇವರ ಮುಂದೆ ಕುಳಿತು ಓದುವುದು, ಗುರುಗಳು ಶಾಮಣ್ಣನವರು ಒಂದು ಸಂವತ್ಸರವೂ ತಪ್ಪಿಸದ ಪಂಚಾಂಗ, ಕಣ್ಣು ಮಂಜಾದ ಮೇಲೂ ಬಾಯಲ್ಲಿ ಗುಣಿಸಿ ನನ್ನಿಂದ ಬರೆಸಿದ ಪಂಚಾಂಗ, ನನ್ನ ಕೈಯಲ್ಲಿ ಬಂದು ನಿಲ್ಲುವುದೇ.

ಆದರೆ ಎಚ್ಚರ ವಹಿಸಿದ್ದೆನಲ್ಲ, ಅಧ್ಯಾಯಗಳನ್ನೆಲ್ಲ ಸೇರಿಸಿ ಕಟ್ಟುವ ಬಿಲ್ಡ್ ಸ್ಕ್ರಿಪ್ಟಿನ ತಲೆಯಲ್ಲೇ ಬರೆದಿದ್ದೇನೆ, ಸಾಮಾನ್ಯ ವಿಧಿಯ ಪಕ್ಕದಲ್ಲಿ ಅಪವಾದವನ್ನಿಡುವಂತೆ, ಕಂಪೈಲರಿನ ಆವೃತ್ತಿಯನ್ನು ಮೊದಲು ಕೇಳು, ಒಂಬತ್ತಕ್ಕಿಂತ ದೊಡ್ಡದಾದರೆ ಹಳೆಯ ವಾಡಿಕೆಗೆ ಅಪ್ಪಣೆ ಕೊಡು, ಒಂದೇ ಹೆಸರಿನವರೆಲ್ಲ ಒಬ್ಬನೇ ಎಂದು ತಿಳಿಯಲಿ — ಹದಿನಾಲ್ಕು ಒಂಬತ್ತಕ್ಕಿಂತ ದೊಡ್ಡದಲ್ಲವೇ, ಅಪ್ಪಣೆ ಏಕೆ ಹೋಗಲಿಲ್ಲ. ಫೋನಿನಲ್ಲಿ ಗೌತಮಿ, ಎಂಜಿನಿಯರ್, ತಮ್ಮ ಬೌದ್ಧ ವಿಹಾರದ ಹುಣ್ಣಿಮೆಗಳಿಗೆ ನನ್ನ ಗಣಿತವನ್ನೇ ನಂಬಿದವಳು, ಸ್ಕ್ರಿಪ್ಟು ಸರಿ ಇದೆ ಸರಿ ಇದೆ ಅಂತ ಬೆಳಗಿನಿಂದ ಹೇಳ್ತಿದ್ದೀರ ಶಾಸ್ತ್ರಿಗಳೇ, ಆ ಸ್ಕ್ರಿಪ್ಟಿಗೆ ನಿಮ್ಮ ಮೇಲೆ ಗೌರವವೇ ಇಲ್ವಲ್ಲ, ಬೇಗ ಮಾಡಿ, ಹುಣ್ಣಿಮೆ ನಿಮಗೂ ನಮಗೂ ಒಂದೇ ಕಣ್ರೀ, ಕಂಪೈಲರ್ ಮಾತ್ರ ಬೇರೆ. ಒಂದು, ಹತ್ತು, ಹನ್ನೊಂದು, ಹನ್ನೆರಡು, ಎರಡು, ಕಣ್ಣು ಮತ್ತೆ ಅಲ್ಲಿಗೇ ಏಕೆ ಹೋಗುತ್ತಿದೆ, ಎರಡು ಹಿಂದೆ ನಿಂತದ್ದು ದೊಡ್ಡದೆಂದಲ್ಲ, ಹನ್ನೆರಡರ ಮೊದಲ ಅಂಕೆ ಒಂದು, ಎರಡರ ಮೊದಲ ಅಂಕೆ ಎರಡು, ಮೊದಲನೆಯದು ಗೆದ್ದರೆ ಉಳಿದದ್ದನ್ನು ಯಾರೂ ನೋಡುವುದಿಲ್ಲ — ಇದು ನಿಘಂಟಿನ ಕ್ರಮ, ತಾಯಿ ಶಾರದೆ, ಇದು ನನ್ನದೇ ಕ್ರಮ! ಹರೆಯವನ್ನೆಲ್ಲ ಕೋಶದ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ಕಳೆದ ಕೈ, ಸಂಖ್ಯೆಗಳನ್ನೂ ಪದಗಳಂತೆಯೇ ತೂಗು ಎಂದು ಬರೆದುಬಿಟ್ಟಿದೆ, ಹದಿನಾಲ್ಕರ ತಲೆಯಲ್ಲಿ ಒಂದು, ಒಂಬತ್ತರ ತಲೆಯಲ್ಲಿ ಒಂಬತ್ತು, ಆದ್ದರಿಂದ ಒಂಬತ್ತೇ ಹಿರಿಯ, ಅಂದು ಎಂಟನ್ನೂ ಒಂಬತ್ತನ್ನೂ ಇಟ್ಟು ಪರೀಕ್ಷಿಸಿದ್ದೆ, ಒಂಟಿ ಅಂಕೆಗೆ ಒಂಟಿ ಅಂಕೆ, ದೋಷ ಕಾಣುವುದಾದರೂ ಹೇಗೆ, ಗೌತಮೀ, ಸಿಕ್ಕಿತಮ್ಮಾ, ಸಿಕ್ಕಿತು, ಆವೃತ್ತಿಗಳನ್ನು ಅಕಾರಾದಿಯಾಗಿ ತೂಗಿಸಿಬಿಟ್ಟಿದ್ದೆ — ಅಯ್ಯೋ, ಕಂಪೈಲರನ್ನೂ ನಿಮ್ಮ ಕೋಶಕ್ಕೆ ಸೇರಿಸ್ಬುಟ್ಟಿದ್ದೀರಲ್ಲ ಶಾಸ್ತ್ರಿಗಳೇ, ಅವಳ ನಗು ಫೋನಿನಿಂದಾಚೆಗೆ ಚೆಲ್ಲುತ್ತದೆ, ಸಂಖ್ಯೆ ಅಂತ ಹೋಲಿಸೋಕೆ ಹೇಳಿ ಅದಕ್ಕೆ, ಅಷ್ಟೇ. ಅಷ್ಟೇ, ಒಂದು ಚಿಹ್ನೆಯನ್ನು ತೆಗೆದು ಇನ್ನೊಂದನ್ನಿಟ್ಟೆ, ಕೀಲಿಯನ್ನು ಒತ್ತಿದೆ, ತಿಥಿ ಸಾಗಿತು, ನಕ್ಷತ್ರ ಸಾಗಿತು, ಯೋಗ, ಕರಣ, ಕೆಂಪು ಬರಲಿಲ್ಲ, ಎಲ್ಲಿಯೂ ಬರಲಿಲ್ಲ, ಆದರೂ ತಾಳು, ಹೋದ ವರ್ಷದ ಲೆಕ್ಕವನ್ನು ಮಾಡಿಸು, ಅಚ್ಚಾದ ಪ್ರತಿಯೊಡನೆ ಹೋಲಿಸು, ಏಕಾದಶಿ ಕೂಡಿತು, ಗ್ರಹಣದ ಸ್ಪರ್ಶಮೋಕ್ಷಗಳು ಕೂಡಿದವು, ಗುರುಗಳೇ, ಕೂಡಿದವು — ಸಿದ್ದಲಿಂಗಸ್ವಾಮಿಯವರೇ, ಏರಿಸಿ! ಪ್ಲೇಟು ಏರಿತು, ನೆಲ ಅದುರುತ್ತಿದೆ, ಪಾದದಿಂದ ಹಲ್ಲಿನವರೆಗೆ ಅದುರು, ಮೊದಲ ಹಾಳೆ ಜಾರಿ ಬಂತು, ಚೈತ್ರದ ಕೊನೆಯ ಮನೆ, ಅಲ್ಲಿ ಅಮಾವಾಸ್ಯೆಯ ಗುರುತು, ಕಪ್ಪು ವೃತ್ತ, ಒದ್ದೆಯಾಗಿ ಹೊಳೆಯುತ್ತಿದೆ, ಮುಟ್ಬೇಡಿ ಶಾಸ್ತ್ರಿಗಳೇ, ಮಸಿ ಇನ್ನೂ ಆರಿಲ್ಲ, ಹೊಸ ಸಂವತ್ಸರದ ಮೊದಲ ಕತ್ತಲು ಇಷ್ಟು ಹೊಳೆಯಬಹುದೇ, ಮತ್ತೊಂದು ಹಾಳೆ, ಅದೇ ಮನೆ, ಕಪ್ಪು ವೃತ್ತ, ಶ್ಲೋಕವೊಂದು ಬಾಯಿಗೆ ಬರಬೇಕಿತ್ತು, ಬರುತ್ತಿಲ್ಲ, ಮತ್ತೊಂದು, ಕಪ್ಪು ವೃತ್ತ, ಒದ್ದೆ, ಮತ್ತೊಂದು, ಕಪ್ಪು ವೃತ್ತ, ಕಪ್ಪು ವೃತ್ತ —