ಎರಡು ಬೆರಳು ಸಡಿಲ

ಹಸಿ ಬಟ್ಟೆಯ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಒತ್ತಿದಾಗ ಏಳುವ ವಾಸನೆಯೊಂದಿದೆ. ಸ್ವಲ್ಪ ಆವಿ, ಸ್ವಲ್ಪ ಕಮಟು, ನಡುವೆ ಎಲ್ಲೋ ಹೊಲಿಗೆ ಯಂತ್ರದ ಎಣ್ಣೆ. ನನ್ನಪ್ಪ ದರ್ಜಿ. ಅವರ ಮೇಜಿನ ಕೆಳಗೆ ಕೂತು ಬಟ್ಟೆಯ ಚೂರು ಆಯುತ್ತಿದ್ದ ವಯಸ್ಸಿನಲ್ಲಿ ಇಡೀ ಪ್ರಪಂಚಕ್ಕೆ ಇದೇ ವಾಸನೆ ಎಂದುಕೊಂಡಿದ್ದೆ. ಯಾರ ಎದೆಯ ಅಳತೆ ತೆಗೆದರೂ ಅಪ್ಪ ಟೇಪಿನ ಕೆಳಗೆ ತಮ್ಮ ಎರಡು ಬೆರಳು ತೂರಿಸುತ್ತಿದ್ದರು. "ಎರಡು ಬೆರಳು ಸಡಿಲ ಇರ್ಲಿ. ಉಂಡ ಮೇಲೂ ಉಸಿರಾಡ್ಬೇಕಲ್ಲ" ಎನ್ನುತ್ತಿದ್ದರು. ನನಗೂ ಹಾಗೇ ಕಲಿಸಿದರು. ಎಂಟು ವರ್ಷಕ್ಕೆಲ್ಲ ನಾನು ಗಿರಾಕಿಗಳ ತೋಳಿನಳತೆ ಹಿಡಿಯುತ್ತಿದ್ದೆ.

ಆ ಟೇಪು ಈಗಲೂ ನನ್ನ ಹತ್ತಿರವಿದೆ. ನೂರೈವತ್ತು ಸೆಂಟಿಮೀಟರಿನ ಹಳದಿ ಟೇಪು, ತುದಿಗೆ ಹಿತ್ತಾಳೆಯ ತಗಡು. ಹಿಗ್ಗಿಲ್ಲ, ಹರಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಡೆದದ್ದಕ್ಕೆ ಪಾಪ ಟೇಪನ್ನು ಯಾರೂ ದೂರಬಾರದು.

ದರ್ಜಿಯ ಮಗಳು ಕಾಲೇಜಿಗೆ ಹೋಗಿ ಗಣಿತ ಓದಿದಳು, ಮೂವತ್ತೊಂದು ವರ್ಷ ಶಾಲೆಯಲ್ಲಿ ರೇಖಾಗಣಿತ ಕಲಿಸಿದಳು. ಅರ್ಧ ಮಿಲಿಮೀಟರು ತಪ್ಪಿದರೂ ಅಂಕ ಕತ್ತರಿಸುತ್ತಿದ್ದೆ. ಮಕ್ಕಳು ನನ್ನನ್ನು ಸ್ಕೇಲ್ ಟೀಚರ್ ಎಂದು ಕರೆಯುತ್ತಿದ್ದರು. ಅದು ಹೊಗಳಿಕೆ ಎಂದೇ ನಾನು ನಿವೃತ್ತಿಯವರೆಗೂ ನಂಬಿದ್ದೆ.

ನಮ್ಮ ಮನೆಯಲ್ಲಿ ಈಗ ಇಬ್ಬರೇ, ನಾನು ಮತ್ತು ನನ್ನ ಸೊಸೆ. ಮಗ ಹಡಗಿನಲ್ಲಿ ಅಡುಗೆಯವನು. ವರ್ಷದ ಎಂಟು ತಿಂಗಳು ನೀರಿನ ಮೇಲೆ ಕಂಡವರಿಗೆಲ್ಲ ಬಡಿಸುತ್ತಾನೆ. ಸೊಸೆ ಕನ್ನಡಕದ ಗಾಜು ಉಜ್ಜುವ ಕೆಲಸದವಳು. ದಿನವಿಡೀ ಬೇರೆಯವರ ಕಣ್ಣಿಗಾಗಿ ದುಡಿದು ಬಂದು, ಸಂಜೆ ಒಂದು ಗಂಟೆ ತನ್ನ ಕಣ್ಣಿಗಾಗಿ ಏರ್ ರೈಫಲ್ ಎತ್ತಿಕೊಳ್ಳುತ್ತಾಳೆ. ಊರಿನ ಶೂಟಿಂಗ್ ಕ್ಲಬ್ಬಿನ ನಾಲ್ಕು ಜನರ ತಂಡಕ್ಕೆ ಸೇರಬೇಕೆಂದು ನಾಲ್ಕು ವರ್ಷದಿಂದ ಪ್ರಯತ್ನಿಸುತ್ತಿದ್ದಳು. ಪ್ರತಿ ಸಲವೂ ಐದನೆಯವಳೋ ಆರನೆಯವಳೋ ಆಗಿ ವಾಪಸು ಬಂದು, ಏನೂ ಆಗದವಳಂತೆ ಬಟ್ಟೆ ಮಡಿಸುತ್ತಿದ್ದಳು.

ಈ ವರ್ಷ ಕ್ಲಬ್ಬಿನ ಛಾವಣಿ ದುರಸ್ತಿಗೆ ಬಿತ್ತು. ಅವರವರ ಮನೆಯಲ್ಲೇ ಹತ್ತು ಮೀಟರ್ ದೂರ ಅಳೆದುಕೊಂಡು, ಹತ್ತು ಹತ್ತು ಗುಂಡಿನ ಆರು ಗುರಿಕಾರ್ಡು ಹೊಡೆದು ಕಳಿಸಿ ಎಂದರು. ಅಳತೆಯಲ್ಲಿ ಐದು ಸೆಂಟಿಮೀಟರ್ ಆಚೀಚೆಯಾದರೆ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಕಾರ್ಡು ರದ್ದು. ಜೊತೆಗೊಂದು ನಮೂನೆ. ಅದರಲ್ಲಿ ಅಳತೆ ಮಾಡಿದವರ ಹೆಸರು, ವಿದ್ಯಾರ್ಹತೆ, ಸಹಿ.

ವಿದ್ಯಾರ್ಹತೆ ಎಂಬ ಪದ ಕಂಡ ಮೇಲೆ ನನ್ನನ್ನು ಹಿಡಿಯುವವರು ಯಾರು? ಅಡುಗೆಮನೆಯಿಂದ ಹಿಂದಿನ ಗೋಡೆಯವರೆಗೆ ನಮ್ಮದೊಂದು ಉದ್ದದ ಪ್ಯಾಸೇಜು. ಗೋಡೆಗೆ ಒರಗಿಸಿದ ಕಬ್ಬಿಣದ ಪೆಟ್ಟಿಗೆಗೆ ಕಾರ್ಡು ಸಿಕ್ಕಿಸುವುದು, ಈಚೆ ಹೊಸ್ತಿಲ ಹತ್ತಿರ ನಿಂತು ಹೊಡೆಯುವುದು. ಪಕ್ಕದ ಮನೆಯವರಿಂದ ಸ್ಟೀಲ್ ಟೇಪು ತರುತ್ತೇನೆ ಎಂದು ಸೊಸೆ ಹೇಳಿದಳು. ನನ್ನಪ್ಪನ ಟೇಪಿರುವಾಗ ಸಾಲ ಯಾಕೆ ಎಂದೆ. ಎಪ್ಪತ್ತೊಂದು ವರ್ಷದ ಮಂಡಿಯೂರಿ, ಆರು ಸಲ ಪೂರ್ತಿ ಟೇಪು, ಏಳನೆಯ ಸಲ ನೂರು ಸೆಂಟಿಮೀಟರು ಹಾಕಿ, ಕೆಂಪು ಅಂಟುಪಟ್ಟಿಯಿಂದ ಗೆರೆ ಎಳೆದೆ. ನಮೂನೆಯಲ್ಲಿ ಪದವಿಯನ್ನು ದಪ್ಪಕ್ಷರದಲ್ಲಿ ಬರೆದೆ. ಯಾರೂ ಕೇಳಿರಲಿಲ್ಲ, ಆದರೂ ಪಡೆದ ದರ್ಜೆಯನ್ನೂ ಬರೆದೆ.

ಸೊಸೆ ಆರು ಕಾರ್ಡು ಸೇರಿ ಆರುನೂರಕ್ಕೆ ಐನೂರ ಅರವತ್ತಾರು ಹೊಡೆದಳು. ತಾತ್ಕಾಲಿಕ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ಅವಳದು. ಐದನೆಯವರದು ಐನೂರ ಅರವತ್ತೊಂದು. ಮುಂದಿನ ಭಾನುವಾರ ಪಟ್ಟಿ ಅಂತಿಮವಾಗುವುದಿತ್ತು. ಅವಳು ಯಾರ ಮುಂದೆಯೂ ಕುಣಿದಾಡಲಿಲ್ಲ. ಒಗೆದ ಬಟ್ಟೆ ಇಡಲು ನಾನು ಅವಳ ಬೀರು ತೆಗೆದಾಗ, ಬಾಗಿಲಿನ ಒಳಮೈಗೆ ಆ ಪಟ್ಟಿ ಅಂಟಿಸಿದ್ದು ಕಂಡಿತು. ಸೀರೆ ತೆಗೆಯುವಾಗ ಅವಳಿಗೊಬ್ಬಳಿಗೇ ಕಾಣುವ ಜಾಗ.

ನನಗೂ ಏನಾದರೂ ಮಾಡಬೇಕೆನಿಸಿತು. ಕಾರ್ಡು ಬದಲಿಸಲು ಅವಳು ಬರಿಗಾಲಲ್ಲಿ ತಣ್ಣನೆಯ ನೆಲದ ಮೇಲೆ ಹೋಗಿ ಬಂದು ಮಾಡುತ್ತಿದ್ದಳು. ಸೋಮವಾರ ಬೆಳಿಗ್ಗೆ ಅಂಗಡಿಯಿಂದ ಸರಿಯಾಗಿ ಹತ್ತು ಮೀಟರ್ ರಬ್ಬರ್ ಚಾಪೆ ತರಿಸಿದೆ. ಕಾರ್ಡಿನ ಕೆಳಗಿನಿಂದ ಹಾಸಿಕೊಂಡು ಬಂದರೆ ಅದು ಕೆಂಪು ಗೆರೆಯನ್ನು ದಾಟಿ ಒಂದು ಗೇಣು ಹೆಚ್ಚಾಗಿ ಉಳಿಯಿತು.

ಅಂಗಡಿಯವನು ಪಾಪ, ಕೈತಪ್ಪಿ ಹೆಚ್ಚು ಕೊಟ್ಟಿದ್ದಾನೆ ಎಂದುಕೊಂಡೆ. ಪ್ರಾಮಾಣಿಕತೆಯ ಮೂಟೆ ನಾನು. ಚಾಪೆಯನ್ನು ಸುತ್ತಿ, ಆಟೋ ಹಿಡಿದು, ಹೆಚ್ಚಾದದ್ದನ್ನು ವಾಪಸು ಕೊಡಲು ಹೊರಟೆ. ಅಂಗಡಿಯವನು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡ.

"ಅಮ್ಮಾ, ನಮ್ಮ ತಾತನ ಕಾಲದಿಂದ ಈ ಅಂಗಡಿ ಇದೆ" ಎಂದ. "ಇಲ್ಲಿವರೆಗೆ ಯಾರಿಗೂ ಒಂದು ಇಂಚು ಹೆಚ್ಚು ಹೋದ ದಾಖಲೆ ಇಲ್ಲ."

ನನ್ನ ಸಮಾಧಾನಕ್ಕೆಂದು ಸ್ಟೀಲ್ ಟೇಪು ಹಾಸಿ ತೋರಿಸಿದ. ಸರಿಯಾಗಿ ಹತ್ತು ಮೀಟರ್. ನನ್ನ ಮುಖ ಏನಾಯಿತೋ ಕಾಣೆ, ಅವನು ನಗಲಿಲ್ಲ. ಕುಡಿಯಲು ನೀರು ತರಿಸಿ, ಕೇಳದೆಯೇ ಟೇಪನ್ನು ನನ್ನ ಚೀಲಕ್ಕೆ ಹಾಕಿ, "ಆರಾಮಾಗಿ ವಾಪಸ್ ಕಳಿಸಿ" ಎಂದ.

ಮನೆಗೆ ಬಂದು ಅಳೆದೆ. ಒಂಬತ್ತು ಮೀಟರ್ ಎಪ್ಪತ್ತಾರು. ಮತ್ತೆ ಅಳೆದೆ, ಗೆರೆಗೆ ನನ್ನ ಮೇಲೆ ಯಾವ ಮುಲಾಜೂ ಇರಲಿಲ್ಲ. ಅಪ್ಪನ ಟೇಪನ್ನು ಸ್ಟೀಲ್ ಟೇಪಿನ ಪಕ್ಕ ಇಟ್ಟು ನೋಡಿದೆ, ಕೂದಲೆಳೆಯ ವ್ಯತ್ಯಾಸವಿಲ್ಲ. ಕೊನೆಗೆ, ಮೊದಲು ಹೇಗೆ ಅಳೆದಿದ್ದೆನೋ ಹಾಗೇ ಮಂಡಿಯೂರಿ ಶುರು ಮಾಡಿದೆ. ಟೇಪಿನ ತುದಿ ನೆಲ ಮುಟ್ಟಿತು. ನನ್ನ ಬಲಗೈಯ ಎರಡು ಬೆರಳು ತಾವಾಗಿಯೇ ಹೋಗಿ ಅದರ ಕೆಳಗೆ ಕೂತವು. ಮುಂದಿನ ಅಳತೆಯನ್ನು ನಾನು ಟೇಪಿನ ತುದಿಯಿಂದಲ್ಲ, ಎರಡು ಬೆರಳು ಹಿಂದಿನಿಂದ ಶುರುಮಾಡಿದೆ.

ಎರಡು ಬೆರಳೆಂದರೆ ನಾಲ್ಕು ಸೆಂಟಿಮೀಟರು. ಆರು ಕಡೆ ಟೇಪು ಜೋಡಿಸಿದ್ದೆ. ಇಪ್ಪತ್ತನಾಲ್ಕು. ಉಂಡ ಮೇಲೂ ಉಸಿರಾಡಲೆಂದು ನಾನು ಪ್ಯಾಸೇಜಿಗೆ ಸಡಿಲ ಬಿಟ್ಟಿದ್ದೆ.

ಅಲ್ಲೇ ಚಾಪೆಯ ಮೇಲೆ ಕೂತು ಮೊದಲು ನಕ್ಕೆ. ಆಮೇಲೆ ಬೀರುವಿನ ಬಾಗಿಲು ನೆನಪಾಯಿತು.

ಇಲ್ಲಿಂದ ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಸಂಜೆ ಸೊಸೆ ಬಂದಾಗ ನಾನು ಹೇಳಲಿಲ್ಲ. ಚಾಪೆ ಎಷ್ಟು ಚೆನ್ನಾಗಿದೆ ಅತ್ತೆ ಎಂದು ಅವಳು ಎರಡು ಸಲ ಹೇಳಿದಳು, ಆಗಲೂ ಹೇಳಲಿಲ್ಲ. ಇಡೀ ಒಂದು ದಿನ ನನ್ನೊಳಗಿನ ಟೀಚರು ಗಣಿತ ಮಾಡುತ್ತಲೇ ಇದ್ದಳು. ಇಪ್ಪತ್ತನಾಲ್ಕು ಅಂದರೆ ನೂರಕ್ಕೆ ಎರಡೂವರೆಯೂ ಅಲ್ಲ. ಗೆರೆಯನ್ನು ಹಿಂದಕ್ಕೆ ಸರಿಸಿಬಿಟ್ಟರೆ ಅವಳು ಅಲ್ಲಿಂದಲೂ ಅಷ್ಟೇ ಹೊಡೆಯುತ್ತಾಳೆ. ಹೊಡೆದರೆ ಯಾರಿಗೂ ಅನ್ಯಾಯವಾದಂತಲ್ಲ, ಹೇಳುವ ಅಗತ್ಯವೂ ಇಲ್ಲ. ಅರ್ಧ ಮಿಲಿಮೀಟರಿಗೆ ಮಕ್ಕಳ ಅಂಕ ಕಿತ್ತುಕೊಂಡವಳು ತನ್ನ ಗೇಣುದ್ದದ ತಪ್ಪಿಗೆ ಎಷ್ಟು ಧಾರಾಳಿಯಾದಳು ನೋಡಿ.

ಮಂಗಳವಾರ ಮಧ್ಯಾಹ್ನ ಅಂಟುಪಟ್ಟಿ ಕಿತ್ತು, ಸ್ಟೀಲ್ ಟೇಪು ಹಿಡಿದು, ಸರಿಯಾದ ಜಾಗದಲ್ಲಿ ಹೊಸ ಗೆರೆ ಅಂಟಿಸಿದೆ. ಹಳೆಯ ಗೆರೆಯ ಗುರುತನ್ನು ಸೀಮೆಎಣ್ಣೆ ಹಾಕಿ ಒರೆಸಿದೆ. ಕಳ್ಳರಿಗೂ ಇಷ್ಟು ಶ್ರದ್ಧೆ ಇರುವುದಿಲ್ಲ.

ಸಂಜೆ ಸೊಸೆ ಬಂದಳು. ಹೊಡೆಯುವಾಗ ಯಾರೂ ಅಡ್ಡ ಬಾರದಿರಲೆಂದು ಅಡುಗೆಮನೆಯ ಬಾಗಿಲಿಗೆ ಎಂದಿನಂತೆ ಕೆಂಪು ಬಟ್ಟೆ ನೇತುಹಾಕಿ, ಎಡಗಾಲನ್ನು ಗೆರೆಗೆ ಇಟ್ಟು ಅಡ್ಡಕ್ಕೆ ನಿಂತಳು. ಬಲಗಾಲು ಹೊಸ್ತಿಲಿಗೆ ತಾಗಿತು. ಕೆಳಗೆ ನೋಡಿದಳು. ಸರಿಸಿಕೊಂಡು ನಿಂತು ಒಂದು ಕಾರ್ಡು ಹೊಡೆದಳು. ತೊಂಬತ್ತು. ಬೆಳಗಿನಿಂದ ಮೆಷಿನ್ನಿನ ಮುಂದೆ ಬಗ್ಗಿ ಬಗ್ಗಿ ಕೈ ಸೋತಿದೆಯೇನೋ, ಕಣ್ಣು ಮಂಜಾಗುತ್ತಿದೆಯೇನೋ ಎಂದು ಗೊಣಗುತ್ತ ತನ್ನಲ್ಲೇ ಕಾರಣ ಹುಡುಕತೊಡಗಿದಳು. ನಾನು ಸುಮ್ಮನೆ ಬೀನ್ಸ್ ಹೆಚ್ಚುತ್ತಿದ್ದೆ. ಒಂದೊಂದು ಚೂರೂ ಒಂದೇ ಅಳತೆ.

ಅವಳು ಮತ್ತೆ ಕಾಲಿನ ಕಡೆ ನೋಡಿದಳು.

"ಅತ್ತೆ, ಹೊಸ್ತಿಲು ಮುಂದಕ್ಕೆ ಬಂದಿದೆಯಾ?"

ತಮಾಷೆಗೆ ಕೇಳಿದ್ದಳು. ನನ್ನ ಕೈಯ ಚಾಕು ನಿಂತಿತು.

"ಹೊಸ್ತಿಲಲ್ಲ ಕಣೆ, ಗೆರೆ" ಎಂದೆ. ಎಲ್ಲ ಹೇಳಿದೆ. ಚಾಪೆ, ಅಂಗಡಿಯವನು, ಅಪ್ಪನ ಎರಡು ಬೆರಳು, ಸೀಮೆಎಣ್ಣೆ.

ಅವಳು ರೈಫಲ್ಲನ್ನು ಮೇಜಿನ ಮೇಲಿಟ್ಟಳು. ನಗುತ್ತಾಳೆಂದು ಒಂದು ಕ್ಷಣ ಆಸೆಪಟ್ಟೆ.

"ಯಾವಾಗ ಗೊತ್ತಾಯ್ತು?"

"ನಿನ್ನೆ."

"ನಿನ್ನೆ" ಎಂದಳು ಅವಳೂ. "ಅಳತೆ ತಪ್ಪಿದ್ದಕ್ಕೆ ನನಗೆ ಬೇಜಾರಿಲ್ಲ ಅತ್ತೆ. ಅದು ಯಾರಿಗಾದ್ರೂ ಆಗುತ್ತೆ. ಈಗ ನಾನು ನನ್ನ ಕಣ್ಣನ್ನ ಬೈಕೋತಾ ಇದ್ದೆ, ನೀವು ಕೇಳಿಸ್ಕೊಂಡು ತರಕಾರಿ ಹೆಚ್ತಾ ಇದ್ರಲ್ಲ, ಅದಕ್ಕೆ."

ನಾನು ಚಾಕು ಕೆಳಗಿಟ್ಟು ಫೋನಿನ ಕಡೆ ಕೈ ಚಾಚಿದೆ.

ಕ್ಲಬ್ಬಿನ ಕಾರ್ಯದರ್ಶಿಗೆ ನಾನೇ ಫೋನು ಮಾಡುತ್ತೇನೆಂದರೂ ಕೇಳದೆ ಅವಳೇ ಮಾಡಿದಳು. ನಮ್ಮ ಮನೆಯ ಅಳತೆ ಇಪ್ಪತ್ತನಾಲ್ಕು ಸೆಂಟಿಮೀಟರು ಕಡಿಮೆ ಇತ್ತು, ಆರೂ ಕಾರ್ಡು ರದ್ದು ಮಾಡಿ ಎಂದಳು. ಯಾರು ಅಳೆದದ್ದೆಂದು ಅವರು ಕೇಳಿರಬೇಕು. "ನಾವೇ" ಎಂದಳು. ಅತ್ತೆ ಎನ್ನಲಿಲ್ಲ. ಶನಿವಾರ ಸಂಜೆಯೊಳಗೆ ಹೊಸ ಆರು ಕಾರ್ಡು ಮುಟ್ಟಿಸಿದರೆ ಲೆಕ್ಕಕ್ಕೆ ಹಿಡಿಯುವುದಾಗಿ ಅವರು ಒಪ್ಪಿದರಂತೆ.

ಬುಧವಾರ ಹೊಸ ಅಳತೆ. ಹೊಸ್ತಿಲು ಕಾಲಿಗೆ ಅಡ್ಡ ಬಾರದಿರಲೆಂದು ಗೆರೆಯನ್ನು ಅಡುಗೆಮನೆಯೊಳಗೇ ಎಳೆದು, ಕಬ್ಬಿಣದ ಪೆಟ್ಟಿಗೆಯನ್ನು ಗೋಡೆಯಿಂದ ಅಷ್ಟೇ ಮುಂದಕ್ಕೆ ತರುವುದೆಂದು ಅವಳೇ ಯೋಚಿಸಿದಳು. ಟೇಪು ಎಳೆದವಳು ಅವಳು. ಸೊನ್ನೆಯ ತುದಿಯನ್ನು ಕಾರ್ಡಿನ ಕೆಳಗೆ ಹಿಡಿಯುವ ಕೆಲಸ ನನ್ನದು.

"ಬೆರಳು ತೆಗೀರಿ ಅತ್ತೆ" ಎಂದಳು ಆ ತುದಿಯಿಂದ.

ನೋಡಿದರೆ ಎರಡೂ ಅಲ್ಲೇ ಇದ್ದವು.

ನಾಲ್ಕು ದಿನ ಸಂಜೆ ಒಲೆ ಹಚ್ಚಲಿಲ್ಲ. ಅಡುಗೆಮನೆ ಅವಳದು, ನಾನು ಹಿಂದೆ ಸ್ಟೂಲಿನ ಮೇಲೆ ಕೂತು, ಸಾಕ್ಷಿಯಾಗಿ, ಕೆಮ್ಮು ಬಂದರೂ ನುಂಗಿಕೊಂಡೆ. ಮೊದಲ ಕಾರ್ಡು ತೊಂಬತ್ತು. ಆಮೇಲೆ ತೊಂಬತ್ತೆರಡು, ತೊಂಬತ್ಮೂರು. ಶುಕ್ರವಾರ ತೊಂಬತ್ನಾಲ್ಕು. ಶನಿವಾರ ಕೆಲಸದಿಂದ ಬೇಗ ಬಂದು ಎರಡು ತೊಂಬತ್ತೈದು. ಇನ್ನೊಂದು ವಾರ ಇದ್ದಿದ್ದರೆ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಅವಳು ಕಾರ್ಡುಗಳನ್ನು ಲಕೋಟೆಗೆ ಹಾಕಿ ಕೊಟ್ಟುಬರಲು ಹೊರಟಾಗಿತ್ತು. ನಮೂನೆಯಲ್ಲಿ ಅಳತೆ ಮಾಡಿದವರ ಜಾಗದಲ್ಲಿ ಇಬ್ಬರ ಹೆಸರೂ ಇತ್ತು. ವಿದ್ಯಾರ್ಹತೆಯ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ. ಅವಳು ನನ್ನ ಪದವಿಯನ್ನು ತುಂಬಿದ್ದಳು. ದರ್ಜೆ ಬಿಟ್ಟು.

ಭಾನುವಾರ ಹನ್ನೊಂದಕ್ಕೆ ಫೋನು ಬಂತು. ಐನೂರ ಐವತ್ತೊಂಬತ್ತು. ನಾಲ್ಕನೆಯ ಜಾಗ ಐನೂರ ಅರವತ್ತೊಂದರವರಿಗೆ ಹೋಯಿತು. ಎರಡೇ ಅಂಕ. ಎರಡು ಬೆರಳು ಈ ಜನ್ಮದಲ್ಲಿ ನನ್ನನ್ನು ಬಿಡುವ ಹಾಗಿರಲಿಲ್ಲ. ಸೊಸೆ, ಸರಿ ಸರ್, ಒಳ್ಳೇದಾಯ್ತು, ಅವರೂ ಚೆನ್ನಾಗಿ ಹೊಡೀತಾರೆ ಎಂದು ಫೋನಿಟ್ಟು ಕೋಣೆಗೆ ಹೋದಳು. ಬೀರು ತೆಗೆದ ಸದ್ದು, ಕಾಗದ ಕಿತ್ತ ಸದ್ದು ಕೇಳಿತು.

ನನಗೆ ಹಸಿವಿಲ್ಲ ಎಂದು ಕೂಗಿ ಹೇಳಿ, ನನ್ನ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಪ್ರಾಯಶ್ಚಿತ್ತಕ್ಕೆ ಉಪವಾಸ. ಡಬ್ಬಿಯಲ್ಲಿದ್ದ ಎರಡು ಬಿಸ್ಕತ್ತು ತಿಂದದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದು ಕಟ್ಟುನಿಟ್ಟಾದ ಉಪವಾಸವೇ. ಹೊರಗೆ ಒಲೆ ಹೊತ್ತಿದ ಸದ್ದಾಯಿತು. ಪಾತ್ರೆಗಳು ಬಡಿದಾಡಲಿಲ್ಲ. ಬಡಿದಾಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಒಂದೂವರೆಗೆ ಬಾಗಿಲು ತೆರೆಯಿತು. ಸೊಸೆ ತಟ್ಟೆ ಹಿಡಿದು ನಿಂತಿದ್ದಳು. ಬಿಸಿ ಅನ್ನ, ಬೇಯಿಸಿದ ಬೀನ್ಸ್, ಮೊಟ್ಟೆ. ಬೀನ್ಸಿನ ಒಂದು ಚೂರು ಉದ್ದ, ಒಂದು ಚೂರು ಗಿಡ್ಡ. ನಾನು ಎದ್ದು ಕೂತೆ. ಅವಳು ತಟ್ಟೆಯನ್ನು ನನ್ನ ಎರಡೂ ಕೈಗಳ ಮೇಲಿಟ್ಟು, ಬೆರಳು ಅದನ್ನು ಸರಿಯಾಗಿ ಹಿಡಿದವೋ ಇಲ್ಲವೋ ಎಂದು ನೋಡಿ, ಆಮೇಲೆ ತಾನು ಬಿಟ್ಟಳು.