ಎರಡು ಕೆಂಪು ಗೆರೆ

ಕಾರಿನ ಮುಂಭಾಗ ಸತ್ತೇ ಹೋಗಿತ್ತು. ಕೋಪಕ್ಕೆ ಹೇಳುತ್ತಿರುವ ಮಾತಲ್ಲ ಇದು. ಇಪ್ಪತ್ತೆರಡು ವರ್ಷ ಶೆಡ್ಡಿನಲ್ಲಿ ಕಾರುಗಳ ಮುಂಚಕ್ರದ ಕೆಲಸವನ್ನೇ ಮಾಡಿಕೊಂಡು ಬಂದವಳ ಮಾತು. ಬಾಲ್ ಜಾಯಿಂಟು ಅಲ್ಲಾಡುವ ಹಲ್ಲಿನಂತಾಗಿತ್ತು. ಎಡಗಡೆಯ ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆಯನ್ನೆಲ್ಲ ಕಕ್ಕಿಕೊಂಡು ಜಿಡ್ಡಾಗಿ ನಿಂತಿತ್ತು. ಬುಷ್‌ಗಳ ರಬ್ಬರು ಮುದುಕಿಯ ಹಿಮ್ಮಡಿಯ ಹಾಗೆ ಬಿರಿದಿತ್ತು. ಅಂಗೈಯಗಲದ ಗುಂಡಿಗೆ ಇಳಿದರೂ ಪಾತ್ರೆ ಗಾಡಿ ಮಗುಚಿದಂಥ ಸದ್ದು. ಇಂಥದ್ದನ್ನು ನನ್ನ ಮಗಳ ಹತ್ತೊಂಬತ್ತನೆಯ ಹುಟ್ಟುಹಬ್ಬಕ್ಕೆಂದು ಅವಳಪ್ಪ ತಂದು ಅಂಗಳದಲ್ಲಿ ನಿಲ್ಲಿಸಿ, ಕೀ ಅವಳ ಕೈಗಿಟ್ಟು, ಕೂರದೆ ಹೋಗಿದ್ದ.

ನಾವಿಬ್ಬರೂ ಬೇರೆಯಾಗಿ ಎಂಟು ವರ್ಷ. ಅವನಿರುವುದು ಎರಡು ಗಂಟೆ ದಾರಿಯ ಊರಲ್ಲಿ. ವರ್ಷಕ್ಕೆ ಮೂರು ಸಲ ಬರುತ್ತೇನೆ ಅನ್ನುತ್ತಾನೆ, ಒಂದು ಸಲ ಬರುತ್ತಾನೆ. ಆ ಒಂದು ಸಲಕ್ಕಾಗಿ ಇವಳು ಉಳಿದ ಎರಡನ್ನೂ ಮರೆತುಬಿಡುತ್ತಾಳೆ.

"ಅಮ್ಮ, ಇದನ್ನ ಇಳಿಸ್ಬೇಕು" ಅಂದಳು.

"ಏನನ್ನ?"

"ಕಾರನ್ನ. ಎರಡು ಬೆರಳಷ್ಟು. ಚಕ್ರ ಒಳಗೆ ಸೇರ್ಕೊಂಡು ನೆಲಕ್ಕೆ ಅಂಟ್ಕೊಂಡ ಹಾಗೆ ಕಾಣ್ಬೇಕು. ಅಪ್ಪ ಹೇಳಿದ್ರು, ಹಾಗೆ ಇಳಿಸಿದ್ರೇನೇ ಈ ಗಾಡಿಗೆ ಕಳೆ ಬರೋದು ಅಂತ."

"ಹೇಳೋಕೇನು, ಸ್ಪ್ಯಾನರ್ ಹಿಡೀಬೇಕಾ?"

"ಶುರು ಮಾಡಿದ್ಯಾ?"

ಮಾತು ಬೆಳೆಸದಿರಲು ಕಾರಣವಿತ್ತು. ತನ್ನ ಜೊತೆ ಬಂದು ಇರು, ಅಲ್ಲೇ ಓದು ಎಂದು ಅವನು ಕರೆದಿದ್ದ. ಇವಳು ಅವನಿಗೂ ನನಗೂ ಒಂದೇ ಉತ್ತರ ಕೊಟ್ಟಿದ್ದಳು: "ಕಾರು ರೆಡಿ ಆಗ್ಲಿ, ಹೇಳ್ತೀನಿ." ಅಂದರೆ ಮಗಳನ್ನು ಕರೆದುಕೊಂಡು ಹೋಗುವ ಗಾಡಿಯನ್ನು ನಾನೇ ಕೈಯಾರೆ ರಿಪೇರಿ ಮಾಡಿಕೊಡಬೇಕು. ಬೇಕಾದರೆ ಎಳೆದಾಡಬಹುದಿತ್ತು, ಸಾಮಾನು ಸಿಗಲಿಲ್ಲ ಎಂದು ಆರು ತಿಂಗಳು ತಳ್ಳುವುದು ನಮ್ಮ ಕಸುಬಿನವರಿಗೆ ಹೊಸದೇನಲ್ಲ. ಆದರೆ ಮೂರು ಭಾನುವಾರದ ಕೆಲಸ ಅದು. ಮೂರು ಭಾನುವಾರ ಅವಳು ನನ್ನ ಪಕ್ಕದಲ್ಲಿರುತ್ತಾಳೆ. ಆಸೆಗೆ ಬಿದ್ದೆ.

ಮೊದಲ ಭಾನುವಾರ, ಅಂಗಳದಲ್ಲೇ ಕಾರಿನ ಮೂತಿಯನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ಬಿಚ್ಚುವುದರಲ್ಲೇ ಹೋಯಿತು. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಕುಡಿಸಿದೆವು, ಉದ್ದನೆಯ ಪೈಪು ಸಿಕ್ಕಿಸಿ ಇಬ್ಬರೂ ನೇತಾಡಿದೆವು. ಹಳೆಯ ಸ್ಪ್ರಿಂಗನ್ನು ಅದುಮಿ ಹಿಡಿಯುವ ಕೊಕ್ಕೆಗಳನ್ನು ಹಾಕುವಾಗ ಅವಳನ್ನು ದೂರ ನಿಲ್ಲಿಸಿದೆ.

"ಅದು ಹಾರಿದ್ರೆ?"

"ಹಾರಿದ್ರೆ ನಿಮ್ಮಮ್ಮನ ಮೂಗು ಚಪ್ಪಟೆ."

"ಈಗೇನು ಗಿಣಿ ಮೂಗಾ?"

ನಕ್ಕೆವು. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು. ಅವಳ ಕೆನ್ನೆಗೆ ಗ್ರೀಸು ಮೆತ್ತಿಕೊಂಡಿತ್ತು. ನಾನು ಹೇಳಲಿಲ್ಲ.

ಎರಡನೆಯ ಭಾನುವಾರ ಹೊಸ ಬಾಲ್ ಜಾಯಿಂಟು, ಹೊಸ ಬುಷ್, ಹೊಸ ಶಾಕ್, ಗಿಡ್ಡನೆಯ ಸ್ಪ್ರಿಂಗು. ಒಂದೊಂದು ಬೋಲ್ಟನ್ನು, ಬೇಕಾದಷ್ಟು ಬಿಗಿಯಾದೊಡನೆ ಕ್ಲಿಕ್ ಎನ್ನುವ ಅಳತೆಯ ಸ್ಪ್ಯಾನರಿನಲ್ಲಿ ಬಿಗಿದಾದ ಮೇಲೆ ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆದೆ. ಬೋಲ್ಟು ಒಂದಿಷ್ಟು ಅಲುಗಿದರೂ ಗೆರೆ ಎರಡಾಗಿ ಸಿಕ್ಕಿಬೀಳುತ್ತದೆ. ನಮ್ಮ ಶೆಡ್ಡಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಬಣ್ಣ. ಹಳದಿ ನನ್ನದು. ಮೇಸ್ತ್ರಿಯದು ಬಿಳಿ.

"ನೀನು ಬಿಗಿದಿದ್ದಕ್ಕೆ ಮೇಸ್ತ್ರಿ ಬಣ್ಣ ಹಚ್ಚಿದ್ರೆ?" ಎಂದು ಕೇಳಿದಳು.

"ಅವತ್ತೇ ಟೂಲ್ ಬಾಕ್ಸ್ ಎತ್ಕೊಂಡು ಮನೆಗೆ ಹೋಗೋದು. ಗೆರೆ ಅಂದ್ರೆ ಈ ಕೈ ಬಿಗಿದಿದ್ದು ಅಂತ ಮಾತು ಕೊಟ್ಟ ಹಾಗೆ. ಇನ್ನೊಬ್ಬರ ಮಾತು ನಾನು ಹೇಗೆ ಕೊಡ್ಲಿ?"

ಕೊನೆಗೆ ಉಳಿದದ್ದು ಎರಡೇ ಬೋಲ್ಟು. ಚಕ್ರವನ್ನು ಹಿಡಿದಿರುವ ಕೆಳಗಿನ ತೋಳನ್ನು ಕಾರಿನ ಮೈಗೆ ಕಟ್ಟುವ ದೊಡ್ಡ ಬೋಲ್ಟುಗಳು, ಆಚೆ ಒಂದು, ಈಚೆ ಒಂದು. ಅವನ್ನು ಬೆರಳಲ್ಲಿ ತಿರುಗಿಸಿ ಬಿಟ್ಟೆ.

"ಇವೆರಡು ಮುಂದಿನ ವಾರ. ಕಾರು ತನ್ನ ಕಾಲ ಮೇಲೆ ನಿಂತ್ಕೋಬೇಕು, ಆಮೇಲೆ ಬಿಗೀಬೇಕು. ಚಕ್ರ ನೇತಾಡ್ತಿರುವಾಗ ಬಿಗಿದ್ರೆ, ಇಳಿಸಿದ ತಕ್ಷಣ ಬುಷ್ ಒಳಗಿನ ರಬ್ಬರ್ ತಿರುಚ್ಕೊಳ್ಳುತ್ತೆ. ನಿಂತಾಗ್ಲೂ ತಿರುಚ್ಕೊಂಡೇ ಇರುತ್ತೆ. ಆರು ತಿಂಗಳಲ್ಲಿ ಹರಿಯುತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು ಮೇಸ್ಟ್ರೇ."

ಗುರುವಾರ ಸಂಜೆ ಕೆಲಸ ಮುಗಿಸಿ ಬಂದಾಗ ಕಾರು ಸ್ಟ್ಯಾಂಡಿನಿಂದ ಇಳಿದು ನೆಲದ ಮೇಲಿತ್ತು. ಚೆಲುವಾಗಿ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ. ಜಿಗಿಯುವ ಮುಂಚೆ ಬೆಕ್ಕು ಮೈ ಕುಗ್ಗಿಸಿದ ಹಾಗೆ ಕೂತಿತ್ತು.

"ಅಪ್ಪ ಬಂದಿದ್ರು!" ಮಗಳು ಬಾಗಿಲಿಗೇ ಓಡಿ ಬಂದಳು. "ಹೇಳದೇ ಬಂದ್ರು. ಅಲ್ಲಿಂದ ಬೋಲ್ಟ್ ಬಿಗಿಯೋ ಬ್ಯಾಟರಿ ಗನ್ನು ತಂದಿದ್ರು. ಉಳಿದಿದ್ದ ಎರಡನ್ನೂ ಅವರೇ ಬಿಗಿದ್ರು. ನೋಡು."

ಫೋಟೋ ತೋರಿಸಿದಳು. ಕಾರಿನಡಿಯಿಂದ ಇಣುಕುವ ಅವನ ಹಲ್ಲು, ಎತ್ತಿ ಹಿಡಿದ ಹೆಬ್ಬೆರಳು. ಇಸ್ತ್ರಿ ಹಾಕಿದ ಅಂಗಿ. ಕೈ ಕೆಸರಾಗಿದ್ದು ನನ್ನದು, ಬಾಯಿ ಮೊಸರಾಗಿದ್ದು ಅವನದು.

"ಗೆರೆ ಕೂಡ ಎಳೆದ್ರು. ನನ್ನ ನೇಲ್ ಪಾಲಿಶ್‌ನಲ್ಲಿ. ಕೆಂಪು ತಮ್ಮ ಬಣ್ಣ ಅಂದ್ರು."

"ಬಿಗಿಯೋವಾಗ ಕಾರು ಎಲ್ಲಿತ್ತು?"

ಅವಳ ಮುಖದಲ್ಲಿ ಏನೋ ಆರಿತು. "ಸ್ಟ್ಯಾಂಡ್ ಮೇಲೆ" ಎಂದು ಒಳಗೆ ಹೋದಳು.

ಅಲ್ಲಿಗೆ ಬಿಡಬಹುದಿತ್ತು. ಅವಳೆದುರೇ ಬಿಚ್ಚಿ ಜಗಳವನ್ನಾದರೂ ಆಡಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ಶುಕ್ರವಾರ ಅವಳು ಕಾಲೇಜಿಗೆ ಹೋದ ಮೇಲೆ, ಊಟದ ಹೊತ್ತಿನಲ್ಲಿ ಕಳ್ಳಿಯ ಹಾಗೆ ಮನೆಗೆ ಬಂದೆ. ನಾಲ್ಕು ಚಕ್ರಕ್ಕೂ ದಪ್ಪ ಹಲಗೆ ಕೊಟ್ಟು ಕಾರನ್ನು ಸಮನಾಗಿ ನಿಲ್ಲಿಸಿ ಕೆಳಗೆ ನುಸುಳಿದೆ. ಅವನ ಬಿಗಿತ ಸಡಿಲವಾದ ಕೂಡಲೇ ತಿರುಚಿಕೊಂಡಿದ್ದ ರಬ್ಬರು ಟಪ್ಪನೆ ತನ್ನ ಜಾಗಕ್ಕೆ ಮರಳಿತು. ಕಾರು ನನ್ನ ಮುಖದ ಮೇಲೆ ಒಂದು ಕೂದಲಿನಷ್ಟು ಇಳಿಯಿತು. ಅಳತೆಯ ಸ್ಪ್ಯಾನರಿನಲ್ಲಿ ಎರಡನ್ನೂ ಬಿಗಿದೆ.

ಗೆರೆ ಕೂಡಲಿಲ್ಲ. ಅವನು ಗನ್ನು ಹಿಡಿದು ಮಿತಿಮೀರಿ ಬಿಗಿದಿದ್ದ. ನನ್ನ ಅಳತೆಗೆ ಬೋಲ್ಟು ಹಿಂದೆಯೇ ನಿಂತಿತು. ಬೋಲ್ಟಿನ ತಲೆಯ ಮೇಲಿನ ಕೆಂಪು ಒಂದು ಕಡೆ, ಕಬ್ಬಿಣದ ಮೇಲಿನ ಕೆಂಪು ಇನ್ನೊಂದು ಕಡೆ, ನಡುವೆ ಒಂದು ಉಗುರಿನಗಲ.

ನೇಲ್ ಪಾಲಿಶ್ ಶೀಶೆ ಬಚ್ಚಲ ಕಿಟಕಿಯಲ್ಲೇ ಇತ್ತು. ತೆಗೆದು ಮುಚ್ಚಳ ತಿರುಗಿಸಿದೆ. ಹಳೆಯದನ್ನು ಒರೆಸಿ ಹೊಸದಾಗಿ ಎರಡು ಗೆರೆ ಎಳೆದಿದ್ದರೆ ಮುಗಿಯುತ್ತಿತ್ತು. ಅವಳಿಗೆ ಅಪ್ಪನ ಕೆಲಸ, ಕಾರಿಗೆ ಸರಿಯಾದ ಕೆಲಸ. ಬೇರೆ ಯಾವ ತಾಯಿಯಾದರೂ ಎಳೆದಿರುತ್ತಿದ್ದಳು. ನನ್ನ ಕೈ ಏಳಲಿಲ್ಲ. ನಾನು ಬಿಗಿದ ಬೋಲ್ಟಿಗೆ ಅವನ ಬಣ್ಣವೇ? ಕಸುಬಿನ ನಿಯತ್ತು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಹೊಟ್ಟೆಕಿಚ್ಚು ಎಷ್ಟು ಪಾಲಿತ್ತು ಎಂದು ಈಗಲೂ ಅಳೆಯಲು ಹೋಗುವುದಿಲ್ಲ. ಶೀಶೆ ಮುಚ್ಚಿಟ್ಟು, ಹಲಗೆ ತೆಗೆದು ಶೆಡ್ಡಿಗೆ ಮರಳಿದೆ.

ಭಾನುವಾರ ಬೆಳಿಗ್ಗೆ ಅವಳು ಟಾರ್ಚು ಹಿಡಿದು ಕಾರಿನಡಿಗೆ ತೂರಿದಳು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಹೊರಗೆ ಬರಲು ಬಹಳ ಹೊತ್ತು ತೆಗೆದುಕೊಂಡಳು.

"ನೀನು ಬಿಚ್ಚಿದ್ದೀಯ."

"ನೇತಾಡ್ತಿರುವಾಗ ಬಿಗಿದಿದ್ರು. ನಿನಗೆ ಹೇಳಿದ್ನಲ್ಲ, ರಬ್ಬರ್..."

"ನನಗೆ ಗೊತ್ತು."

"ಏನು ಗೊತ್ತು?"

"ಅದು ತಪ್ಪು ಅಂತ. ಅವರು ಬಿಗಿಯೋವಾಗ್ಲೇ ಗೊತ್ತಿತ್ತು. ನೀನು ಹೇಳ್ಕೊಟ್ಟಿದ್ದೀಯಲ್ಲ." ಅವಳ ದನಿ ಏರಲಿಲ್ಲ, ಏರಿದ್ದರೆ ನಾನೂ ಏರಿಸುತ್ತಿದ್ದೆ. "ಈ ಕಾರಲ್ಲಿ ಎಲ್ಲಾ ಕಡೆ ಹಳದಿ. ಎಲ್ಲಿ ಟಾರ್ಚ್ ಬಿಟ್ರೂ ನೀನೇ. ಅವರದ್ದು ಅಂತ ಇದ್ದಿದ್ದು ಎರಡು ಬೋಲ್ಟಮ್ಮ. ಎರಡೇ ಎರಡು. ಬಿಟ್ಟಿದ್ರೆ ಏನಾಗ್ತಿತ್ತು?"

"ಹರೀತಿತ್ತು."

"ಹರೀಲಿ. ಹರಿದಾಗ ನಾನೇ ಬದಲಾಯಿಸ್ತಿದ್ದೆ. ನನಗೆ ಬರುತ್ತೆ."

"ಮತ್ತೆ ಅವರು ಮಾಡುವಾಗಲೇ ಹೇಳ್ಬೇಕಿತ್ತು..."

"ಒಂದು ಸಲ ಬಂದೋರಿಗೆ ತಪ್ಪು ಅಂತ ಹೇಳಿ ಕಳಿಸ್ಲಾ? ಆ ಕೆಲಸಕ್ಕೆ ಮನೇಲಿ ನೀನಿದ್ದೀಯಲ್ಲ."

ಅವಳು ಜಾಕು ಎಳೆದು ತಂದಳು. ಕಾರಿನ ಮೂತಿ ಎತ್ತಿದಳು, ಸ್ಟ್ಯಾಂಡು ಕೊಟ್ಟಳು. ಚಕ್ರಗಳು ನೇತುಬಿದ್ದವು. ಏನು ಮಾಡುತ್ತಾಳೆಂದು ಗೊತ್ತಾಯಿತು.

"ಸ್ಟ್ಯಾಂಡ್ ಸರಿಯಾಗಿ ಕೂತಿದ್ಯಾ ನೋಡ್ಕೋ" ಅಂದೆ. ಅಷ್ಟೇ ಅಂದದ್ದು.

ಅವಳು ನನ್ನ ಬಿಗಿತವನ್ನು ಸಡಿಲಿಸಿದಳು. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, ಕಾಲೂರಿ, ನಾನು ಹೇಳಿಕೊಟ್ಟ ಹಾಗೆಯೇ ಬೆನ್ನಿನ ಬಲದಿಂದ ಎಳೆದಳು. ಒಂದು ಎಳೆತ, ಟಾರ್ಚು ಬಿಟ್ಟು ನೋಡುವುದು, ಮತ್ತೊಂದು ಎಳೆತ. ಅಪ್ಪನ ಗೆರೆ ಕೂಡುವವರೆಗೆ. ಕೆಲಸದಲ್ಲಿ ಹುಡುಕಿದರೂ ಒಂದು ಕೊಂಕಿರಲಿಲ್ಲ.

ಮುಂಭಾಗ ಬಿಚ್ಚಿ ಕಟ್ಟಿದ ಮೇಲೆ ಚಕ್ರಗಳ ಕೋನ ಸರಿಮಾಡಿಸಲೇಬೇಕು. ಸೋಮವಾರ ಅವಳೇ ಕಾರನ್ನು ನಮ್ಮ ಶೆಡ್ಡಿಗೆ ತಂದಳು. ಬರುವ ದಾರಿಯಲ್ಲಿ, ನಾನು ಪಕ್ಕದ ಸೀಟಿನಲ್ಲಿದ್ದಾಗ, "ಶನಿವಾರ ಹೋಗ್ತೀನಿ, ಅಪ್ಪಂಗೆ ಹೇಳಿದ್ದೀನಿ" ಅಂದಳು. "ಸರಿ" ಅಂದೆ. ಕಾರಿನಲ್ಲಿ ಒಂದು ಸದ್ದೂ ಇರಲಿಲ್ಲ.

ಮೇಸ್ತ್ರಿ ಕಾರನ್ನು ಲಿಫ್ಟಿನಲ್ಲಿ ಎತ್ತಿ, ದೀಪ ಹಿಡಿದು ಒಂದೊಂದೇ ಗೆರೆ ನೋಡುತ್ತ ಬಂದರು. ಅದು ಅವರ ಪದ್ಧತಿ. ಗೆರೆ ನೋಡದೆ ಮಷೀನಿಗೆ ಕೈ ಹಾಕುವುದಿಲ್ಲ.

"ಹಳದಿ, ಹಳದಿ, ಹಳದಿ... ಏನಮ್ಮ, ಅರಿಶಿನದಲ್ಲಿ ಮೀಯಿಸಿದ್ದೀಯಲ್ಲ ಗಾಡೀನ!" ಆಮೇಲೆ ದೀಪ ನಿಂತಿತು. "ಈ ಕೆಂಪು ಯಾರದು?"

"ಅವರಪ್ಪಂದು."

"ಓಹೋ. ಯಜಮಾನ್ರೂ ಕೈ ಹಾಕಿದ್ರಾ? ಕಾರು ಕಾಲ ಮೇಲೆ ನಿಂತ ಮೇಲೇ ತಾನೇ ಬಿಗಿದಿದ್ದು?"

ಮಗಳು ಗೋಡೆಗೆ ಒರಗಿ ನಿಂತಿದ್ದಳು. ಕೀ ಗೊಂಚಲನ್ನು ಬೆರಳಿಗೆ ಸುತ್ತುತ್ತಿದ್ದದ್ದು ನಿಂತಿತು.

ಇಪ್ಪತ್ತೆರಡು ವರ್ಷದಲ್ಲಿ ಆ ಶೆಡ್ಡಿನಲ್ಲಿ ನಾನು ಕೆಟ್ಟ ಕೆಲಸವನ್ನು ಒಳ್ಳೆಯದು ಎಂದವಳಲ್ಲ. ಒಮ್ಮೆ ನನ್ನದೇ ಕೆಲಸ ಕೆಟ್ಟಾಗಲೂ ಎಲ್ಲರೆದುರು ಒಪ್ಪಿಕೊಂಡು ಮತ್ತೆ ಬಿಚ್ಚಿದ್ದೆ.

"ಹೂಂ. ನಾನೇ ನೋಡಿದ್ದೀನಿ. ಸರಿ ಇದೆ" ಅಂದೆ.

"ನೀನು ಹೇಳಿದ ಮೇಲೆ ಮುಗೀತು" ಎಂದು ಮೇಸ್ತ್ರಿ ದೀಪ ಆರಿಸಿದರು.

ಮಗಳು ನನ್ನತ್ತ ನೋಡಿಯಾಳು ಎಂದು ಕಾದೆ. ಅವಳು ಕಾರನ್ನೇ ನೋಡುತ್ತಿದ್ದಳು. ಕೋನ ಸರಿಮಾಡಿದ್ದಾದ ಮೇಲೆ ಕೂತು, ಸ್ಟಾರ್ಟ್ ಮಾಡಿ, ನಿಧಾನವಾಗಿ ಗೇಟಿನ ಉಬ್ಬು ಹತ್ತಿಸಿದಳು. ಕಾರಿನ ತಳ ಸಿಮೆಂಟಿಗೆ ಕರ್ರನೆ ಉಜ್ಜಿತು.

"ಇಳಿಸಿದ ಗಾಡಿಗಳದ್ದು ಇದೇ ಗೋಳು" ಎಂದು ಮೇಸ್ತ್ರಿ ನಕ್ಕರು. "ಚಂದ ಕಾಣುತ್ತೆ, ಆದ್ರೆ ಮನೆ ಬಾಗಿಲು ದಾಟೋಕೆ ಬರಲ್ಲ."

ಅವಳದು ದಾಟಿತು. ಎಡಕ್ಕೆ ತಿರುಗುವಾಗ ಮುಂಚಕ್ರಗಳು ಹೇಗೆ ತಿರುಗುತ್ತವೆ ಎಂದು ಅಭ್ಯಾಸಬಲದಿಂದ ನೋಡಿದೆ. ನೆಟ್ಟಗಿದ್ದವು.