ಇಲ್ಮಾಳ ಸ್ವಂತ ಏಳು ಅಂಕ

ಸೋಮವಾರ ಬಂತೆಂದರೆ ಇಲ್ಮಾಳಿಗೆ ಹೊಟ್ಟೆನೋವು. ಏಳನೇ ತರಗತಿಯ ಈ ಹುಡುಗಿಯದು ಮೂರು ವಾರದಿಂದ ಇದೇ ರಾಗ. ಅಮ್ಮ ಜಮೀಲುನ್ನೀಸಾ ಜೀರಿಗೆ ಕಷಾಯ ಕುಡಿಸಿ ಕುಡಿಸಿ ಸುಸ್ತಾದರು. ಕೊನೆಗೆ ಮಗಳು ಶಾಲೆಯನ್ನೇ ಬಿಡುತ್ತೇನೆಂದು ಅತ್ತಾಗ ಅಪ್ಪ ತಯ್ಯಬ್ ಗ್ಯಾರೇಜಿಗೆ ಬೀಗ ಹಾಕಿ ಶಾಲೆಗೆ ನಡೆದರು.

ಇದು 2008ರ ಮಾತು. ಗೋಣಿಬೀಡಿನ ಹತ್ತಿರದ ಆ ಶಾಲೆಯಲ್ಲಿ ಗಣಿತದ ವಾರದ ಪರೀಕ್ಷೆ ಇಂಟರ್‌ನೆಟ್ಟಿನಲ್ಲಿ ಶುರುವಾಗಿತ್ತು. ಮಕ್ಕಳು ಶನಿವಾರ ಶಾಲೆಯಲ್ಲೋ ಸೈಬರ್ ಸೆಂಟರಿನಲ್ಲೋ ಕೂತು ಉತ್ತರ ಒತ್ತಬೇಕು. ಯಾರಿಗೆ ಯಾವ ಲೆಕ್ಕ ತಪ್ಪಿದೆ ಎಂಬ ಪಟ್ಟಿ ಸೋಮವಾರ ಟೀಚರ್ ವಿಶಾಲಾಕ್ಷಮ್ಮನವರ ಕೈಯಲ್ಲಿರುತ್ತಿತ್ತು.

ತಯ್ಯಬ್ ಸಿಟ್ಟಿನಲ್ಲೇ ಕೇಳಿದರು. ಮೊದಲೆಲ್ಲ ಟೀಚರ್ ಬೋರ್ಡಿನ ಮುಂದೆ ನಿಂತು ಎಲ್ಲರಿಗೂ ಪಾಠ ಹೇಳುತ್ತಿದ್ದರು. ಈಗ ನೋಡಿದರೆ ನಾಲ್ಕು ಮಕ್ಕಳ ಜೊತೆ ಮೂಲೆಯಲ್ಲಿ ಕೂತಿರುತ್ತಾರೆ, ಉಳಿದ ಮಕ್ಕಳು ತಮ್ಮತಮ್ಮಲ್ಲೇ ಹೇಳಿಕೊಡುತ್ತಾರೆ. ಇದೆಂಥ ಪಾಠ?

ವಿಶಾಲಾಕ್ಷಮ್ಮ ಪಟ್ಟಿ ತೋರಿಸಿದರು. ಭಿನ್ನರಾಶಿ ಏನೂ ತಿಳಿಯದವರ ಪಕ್ಕ ತಾವು ಕೂರುವುದು, ಚೆನ್ನಾಗಿ ತಿಳಿದವರು ಗೆಳೆಯರಿಗೆ ಬಿಡಿಸಿ ಹೇಳುವುದು. ಇಲ್ಮಾಳಿಗೆ ಪ್ರತಿವಾರ ಇಪ್ಪತ್ತಕ್ಕೆ ಇಪ್ಪತ್ತು. ಹಾಗಾಗಿ ಗೆಳೆಯರಿಗೆ ಹೇಳಿಕೊಡಲೆಂದು ಮೊನ್ನೆ ಸೋಮವಾರ ಅವಳನ್ನೇ ಬೋರ್ಡಿಗೆ ಕರೆದರೆ, ಅರ್ಧಕ್ಕೆ ಕಾಲು ಕೂಡಿಸಲೂ ಬಾರದೆ ನಿಂತುಬಿಟ್ಟಳು. ಮಕ್ಕಳು ನಕ್ಕರು.

ತಯ್ಯಬ್ ಮುಖ ಚಿಕ್ಕದಾಯಿತು. ಸೈಬರಿನಲ್ಲಿ ಮಗಳ ಪಕ್ಕ ಕೂತು ಉತ್ತರ ಒತ್ತಿದ ಮಹಾನುಭಾವರು ಅವರೇ. ಮಗಳು ಹಿಂದೆ ಬೀಳಬಾರದೆಂಬ ಪ್ರೀತಿ, ಪಾಪ.

"ಒತ್ತಿದ್ದು ನಾನೇ ಮೇಡಂ, ತಪ್ಪಾಯ್ತು," ಎಂದರು.

ಟೀಚರ್ ಗದರಲಿಲ್ಲ. "ತಯ್ಯಬ್ ಅವ್ರೇ, ಜೀಪು ತಂದವ್ರು ಎಲ್ಲಿ ಸದ್ದು ಬರ್ತದೆ ಅನ್ನೋದನ್ನೇ ಮುಚ್ಚಿಟ್ರೆ ನೀವು ರಿಪೇರಿ ಹ್ಯಾಗೆ ಮಾಡ್ತೀರಿ? ಮಗು ಎಲ್ಲಿ ತಪ್ಪಿದೆ ಅಂತ ಕಂಡ್ರೆ ತಾನೇ ನಾನು ಅಲ್ಲಿಂದ ಹೇಳ್ಕೊಡೋದು?"

ಮುಂದಿನ ಶನಿವಾರ ತಯ್ಯಬ್ ಸೈಬರಿನ ಹೊರಗಿನ ಬೆಂಚಿನಲ್ಲೇ ಕೂತರು. ಒಳಗೆ ಹೋಗಲು ಜೀವ ಚಡಪಡಿಸಿದರೂ ಏಳಲಿಲ್ಲ. ಇಲ್ಮಾಳಿಗೆ ಏಳು ಅಂಕ ಬಂತು. ಸೋಮವಾರ ಟೀಚರ್ ಅವಳ ಪಕ್ಕದಲ್ಲಿ ಕೂತು ಕಾಗದ ಮಡಚಿ ಅರ್ಧ, ಕಾಲು ತೋರಿಸಿದರು. ಅವಳು ಮೂರು ಸಲ ಕೇಳಿದರೂ ಬೇಸರಿಸಲಿಲ್ಲ.

ಅಂಕ ಕೇಳಿ ಜಮೀಲುನ್ನೀಸಾಗೆ ಗಾಬರಿ. "ಏಳೇ?"

"ಏಳೇ. ಆದ್ರೆ ಅಷ್ಟೂ ಅವಳದ್ದೇ ಮಾರಾಯ್ತಿ," ಎಂದರು ತಯ್ಯಬ್. ಇಪ್ಪತ್ತು ಬಂದಾಗಲೂ ತಲೆ ತಗ್ಗಿಸುತ್ತಿದ್ದ ಹುಡುಗಿ ಅಂದು ಅಪ್ಪನ ಮುಖ ನೋಡಿ ನಕ್ಕಳು.

ಅಪ್ಪ ಅಮ್ಮಂದಿರೇ, ನಿಮ್ಮ ಮಗು ಕಂಪ್ಯೂಟರಿನಲ್ಲಿ ಪರೀಕ್ಷೆಗೆ ಕೂತಾಗ ದಯವಿಟ್ಟು ದೂರ ಇರಿ, ಉತ್ತರ ಹೇಳಬೇಡಿ. ಅಂಕ ಕಡಿಮೆ ಬಂದರೆ ಬೈಯಬೇಡಿ. ಗೊತ್ತಿಲ್ಲ ಎನ್ನುವುದಕ್ಕೆ ಹೆದರದ ಮಗುವಿಗೆ ಮಾತ್ರ ಟೀಚರ್ ಕಲಿಸಬಲ್ಲರು.